ಹಳೆಯ ಲೇತ್‌ಗೆ ಮೊದಲು ಬೇಕಾದದ್ದು ಎಣ್ಣೆ

ಮಾನ್ಯ ಸಂಪಾದಕರೇ,

ಲೋಹದ ತುಂಡನ್ನು ತಿರುಗಿಸಿ ಕಡೆಯುವ ಹಳೆಯ ಲೇತ್ ಯಂತ್ರಗಳನ್ನು ಕೊಂಡವರಲ್ಲಿ ಅನೇಕರು ಮೊದಲು ಬಣ್ಣ ಬಳಿಯಲು ಹೊರಡುವುದನ್ನು ಕಂಡು ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ. ಹಳೆಯ ಎಣ್ಣೆಗೆ ಲೋಹದ ಪುಡಿಯೂ ಎರಕದ ಕಬ್ಬಿಣದ ಕಪ್ಪು ಧೂಳೂ ಸೇರಿ ಗಟ್ಟಿಯಾದ ಜಿಡ್ಡೇ ಯಂತ್ರವನ್ನು ಒಳಗಿನಿಂದ ಸವೆಸುತ್ತದೆ. ಹಲವು ಹಳೆಯ ಮಾದರಿಗಳಲ್ಲಿ ಸ್ಪಿಂಡಲ್ (ಲೋಹದ ತುಂಡನ್ನು ತಿರುಗಿಸುವ ದಂಡ) ಬೇರಿಂಗಿಗೆ ಎಣ್ಣೆ ಒಯ್ಯುವುದು ಉಣ್ಣೆಯ ಫೆಲ್ಟ್ ಬತ್ತಿ. ಅದು ಜಿಡ್ಡು ಹಿಡಿದು ಗಡುಸಾದರೆ, ಎಣ್ಣೆಬಟ್ಟಲು ತುಂಬಿದ್ದರೂ ಬೇರಿಂಗ್ ಒಣಗಿಯೇ ತಿರುಗುತ್ತದೆ. ಅಂಥ ಬತ್ತಿಯನ್ನು ತೊಳೆಯುವುದಕ್ಕಿಂತ ಬದಲಾಯಿಸುವುದೇ ಲೇಸು.

ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಎಣ್ಣೆಯ ತೂತುಗಳು ಕೊನೆಯವರೆಗೂ ತೆರೆದಿವೆಯೇ ಎಂದು ತೆಳು ತಂತಿ ತೂರಿಸಿ ನೋಡಬೇಕು. ಜೋಡಿಸಿದ ಯಂತ್ರಕ್ಕೆ ಗಾಳಿ ಹೊಡೆದರೆ ಚೂರುಗಳು ಕಡೆಯುವ ಉಳಿಯನ್ನು ಹೊತ್ತು ಜಾರುವ ಸ್ಯಾಡಲ್‌ನ ಅಡಿಗೆ ನುಗ್ಗುತ್ತವೆ. ಸ್ಯಾಡಲ್ ಜಾರುವ ಹಳಿಯಿರುವ ಬೆಡ್‌ಗೆ ಎಮೆರಿ ಉಜ್ಜುಕಾಗದವನ್ನು ತಾಗಿಸಲೇಬಾರದು. ಎಣ್ಣೆಗೆಂದೇ ಮಾಡಿದ ತೂತಿಗೆ ಗ್ರೀಸ್ ತುಂಬುವುದನ್ನಂತೂ ಅಕ್ಷಮ್ಯವೆಂದೇ ನಾನು ಭಾವಿಸುತ್ತೇನೆ. ಗ್ರೀಸ್ ದಾರಿಯನ್ನು ಕಟ್ಟುವುದಲ್ಲದೆ ಚೂರುಗಳನ್ನು ಹಿಡಿದಿಟ್ಟುಕೊಂಡು ಸವೆತವನ್ನು ಹೆಚ್ಚಿಸುತ್ತದೆ. ಬೆಡ್‌ಗೆ ಸಾಮಾನ್ಯವಾಗಿ ಐಎಸ್‌ಒ 68 ದರ್ಜೆಯ (ಎಣ್ಣೆಯ ಮಂದತೆಯನ್ನು ಹೇಳುವ ಅಂಕಿ) ಸ್ಲೈಡ್‌ವೇ ಎಣ್ಣೆ, ಅಂದರೆ ಜಾರುವ ಮೇಲ್ಮೈಗಳಿಗೆಂದೇ ಇರುವ ಎಣ್ಣೆ, ಒಪ್ಪುತ್ತದೆ. ಸ್ಪಿಂಡಲ್‌ಗೆ ತಯಾರಕರ ಕೈಪಿಡಿ ಹೇಳಿದ್ದನ್ನೇ ಬಳಸಬೇಕು. ಸ್ಪಿಂಡಲನ್ನು ಕೈಯಿಂದ ತಿರುಗಿಸಿ, ಬೇರಿಂಗಿಗೆ ಎಣ್ಣೆ ತಲುಪಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಮೋಟಾರನ್ನು ಚಾಲೂ ಮಾಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ