ಸುದ್ದಿ ಓದಲು ಹೊರಟ ಮಗಳಿಗೊಂದು ಪತ್ರ

ಚಿ. ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಿನ್ನನ್ನು ಡೆಸ್ಕ್‌ನಿಂದ ನಿರೂಪಣೆಗೆ ಆರಿಸಿಕೊಂಡಿದ್ದಾರೆಂದು ತಿಳಿದಾಗಿನಿಂದ ಮನೆಯಲ್ಲಿ ಎಲ್ಲರೂ ನೀನು ಉಡಬೇಕಾದ ಸೀರೆಗಳ ಮಾತನ್ನೇ ಆಡುತ್ತಿದ್ದಾರೆ. ನನಗೆ ಮಾತ್ರ 1962ರಿಂದ 1981ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಸಂಜೆಯ ಸುದ್ದಿ ಓದಿದ ವಾಲ್ಟರ್ ಕ್ರಾಂಕೈಟ್ ಅವರ ಬಗ್ಗೆ ನಿನಗೆ ಬರೆಯಬೇಕೆನಿಸಿತು. ಪದವಿ ಮುಗಿಸದೆ ವಿಶ್ವವಿದ್ಯಾಲಯ ಬಿಟ್ಟ ಅವರು ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ಎರಡನೆಯ ಮಹಾಯುದ್ಧವನ್ನು ವರದಿ ಮಾಡಿ, ಬಾಂಬರ್ ವಿಮಾನವೇರಿ ಜರ್ಮನಿಯ ಮೇಲೆ ಹಾರಿ, ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯನ್ನೂ ಮಾಸ್ಕೋವನ್ನೂ ಕಂಡು, ಕೊನೆಗೆ ಆ ಕುರ್ಚಿಯಲ್ಲಿ ಕೂತಾಗ ಅವರಿಗೆ 45 ವರ್ಷ. ನಿನಗೆ ಅದು ಬಹಳ ಬೇಗ ಸಿಕ್ಕಿದೆ.

ಅವರೇ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ಯುವಕರಾಗಿ ಕಾನ್ಸಾಸ್ ಸಿಟಿಯ ರೇಡಿಯೊ ಕೇಂದ್ರದಲ್ಲಿದ್ದಾಗ, ಬೆಂಕಿ ಅನಾಹುತದಲ್ಲಿ ಅಗ್ನಿಶಾಮಕ ಸಿಬ್ಬಂದಿ ಸತ್ತಿದ್ದಾರೆ, ತಕ್ಷಣ ಪ್ರಸಾರ ಮಾಡು ಎಂದು ಮೇಲಿನವರು ಅವಸರಪಡಿಸಿದರಂತೆ. ಇಲಾಖೆಗೆ ಫೋನ್ ಮಾಡಿ ವಿಚಾರಿಸದೆ ಹೇಳಲಾರೆನೆಂದದ್ದಕ್ಕೆ ಕೆಲಸವೇ ಹೋಯಿತು. ಯಾರೂ ಸತ್ತಿರಲಿಲ್ಲ. ಕೆಲಸವಂತೂ ಮರಳಿ ಸಿಗಲಿಲ್ಲ ಎಂಬುದನ್ನು ಈ ಕಥೆ ಹೇಳುವವರು ಮರೆಯಬಾರದು.

ಆ ಹಟವೇ 1963ರ ನವೆಂಬರ್ 22ರಂದು ತೆರೆಯ ಮೇಲೆ ಕಂಡಿತು. ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಗುಂಡೇಟು ಬಿದ್ದಾಗ ಸ್ಟುಡಿಯೊದ ಕ್ಯಾಮೆರಾ ಇನ್ನೂ ಸಿದ್ಧವಿಲ್ಲದ್ದರಿಂದ ಮೊದಲ ಬುಲೆಟಿನ್‌ಗಳಲ್ಲಿ ಕ್ರಾಂಕೈಟ್ ಅವರ ದನಿ ಮಾತ್ರ ಕೇಳಿಸಿತು. ಅಧ್ಯಕ್ಷರು ತೀರಿಕೊಂಡರೆಂಬ ಮಾತು ಸ್ವಂತ ವಾಹಿನಿಯ ವರದಿಗಾರರಿಂದಲೇ ಬಂದರೂ ಅವರು ಅದನ್ನು ದೃಢಪಡದ ವರದಿಯೆಂದೇ ಹೇಳುತ್ತಾ ಹೋದರು. ಸುದ್ದಿಸಂಸ್ಥೆಯ ಫ್ಲ್ಯಾಶ್, ಅಂದರೆ ತುರ್ತು ಸುದ್ದಿಯ ಚೀಟಿ, ಕೈಗೆ ಬಂದ ಮೇಲಷ್ಟೇ ಅದನ್ನೋದಿ, ಕನ್ನಡಕ ತೆಗೆದು ಗಡಿಯಾರ ನೋಡಿ, ಸಾವು ಸಂಭವಿಸಿ 38 ನಿಮಿಷಗಳಾದುವೆಂದರು. ಗಂಟಲು ಕಟ್ಟಿದರೂ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿಗೆ ಹೋದರು. ಆ ಕನ್ನಡಕವನ್ನು ಜಗತ್ತು ಇಂದಿಗೂ ನೆನೆಯುತ್ತದೆ. ಅದಕ್ಕೆ ಮುಂಚಿನ ಕಾಯುವಿಕೆ ನನಗೆ ಹೆಚ್ಚಿನದಾಗಿ ಕಾಣುತ್ತದೆ.

ಆದರೆ ಎಲ್ಲ ಕಾಯುವಿಕೆಯೂ ಒಂದೇ ಅಲ್ಲ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿತು. ದೂರದರ್ಶನದಲ್ಲಿ ಸಲ್ಮಾ ಸುಲ್ತಾನ್ ಅವರು ಸಾವಿನ ಸುದ್ದಿಯನ್ನು ಓದಿದ್ದು ಸಂಜೆಗೆ. ಅಷ್ಟರೊಳಗೆ ಬಿಬಿಸಿ ಕೇಳಿದವರಿಗೆಲ್ಲ ವಿಷಯ ತಿಳಿದಿತ್ತು. ಓದಿದವರ ಸಂಯಮದಲ್ಲಿ ಕೊರತೆಯಿರಲಿಲ್ಲ. ತಡವಾದದ್ದು ಸುದ್ದಿ ಖಚಿತವಾಗದೆ ಅಲ್ಲ, ಸರ್ಕಾರ ಹೇಳಲು ಬಿಡದೆ. ನಿನ್ನ ಇಯರ್‌ಪೀಸಿನಲ್ಲಿ ಪಿಸಿಆರ್‌ನಿಂದ (ಪ್ರಸಾರ ನಿಯಂತ್ರಿಸುವ ಕೋಣೆಯಿಂದ) ‘ತಡಿ’ ಎಂಬ ಮಾತು ಬಂದಾಗ ಅದು ಎರಡರಲ್ಲಿ ಯಾವುದೆಂದು ಕೇಳಿ ತಿಳಿದುಕೋ. ನಿಮ್ಮಲ್ಲಿ ‘ಹೊಡಿ’, ಅಂದರೆ ಈಗಲೇ ಪ್ರಸಾರ ಮಾಡು, ಎಂಬ ಅವಸರವೇ ಹೆಚ್ಚಿರಬಹುದು, ಅದು ಬೇರೆ ಮಾತು.

ನಿನಗೆ ಅಭಿಪ್ರಾಯ ಇರಬಾರದೆಂದು ನಾನು ಹೇಳುತ್ತಿಲ್ಲ. 1968ರಲ್ಲಿ ವಿಯೆಟ್ನಾಂಗೆ ಹೋಗಿಬಂದ ಕ್ರಾಂಕೈಟ್, ಆ ಯುದ್ಧ ಗೆಲುವಿಲ್ಲದ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆಯೆಂದು ಹೇಳಿದರು. ಆದರೆ ದಿನದ ಸುದ್ದಿಯ ನಡುವೆ ತೂರಿಸಲಿಲ್ಲ, ವಿಶೇಷ ಕಾರ್ಯಕ್ರಮದ ಕೊನೆಯಲ್ಲಿ ಇದು ನನ್ನ ಸ್ವಂತ ಅನಿಸಿಕೆಯೆಂದು ತಿಳಿಸಿಯೇ ಹೇಳಿದರು. ಪ್ರತಿ ರಾತ್ರಿಯೂ ಅನಿಸಿಕೆ ಹಂಚುವವರಿಗೆ ಆ ಒಂದು ರಾತ್ರಿಯ ಬೆಲೆ ದೊರೆಯುವುದು ಕಷ್ಟ.

ಮೊದಲ ಬುಲೆಟಿನ್ ಎಷ್ಟು ಹೊತ್ತಿಗೆಂದು ಗೊತ್ತಾದ ಕೂಡಲೇ ತಿಳಿಸು. ಬೆಳಗಿನ ಪಾಳಿಯಾದರೆ ಅಜ್ಜಿಯನ್ನು ಎಬ್ಬಿಸುವ ಹೊಣೆ ನನ್ನದು.

ಇತಿ,
ನಿನ್ನ ಅಪ್ಪ