ಹೊಸ ವರ್ಷದ ಹಂದಿ, ಹುಳಿ ಕೋಸು

ಪ್ರೀತಿಯ ಪುಟ್ಟಿ,

ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಮನೆ ಸಿಕ್ಕಿದ್ದನ್ನು ನಿನ್ನಮ್ಮ ಹೇಳಿದಳು. ಹೊಸ ವರ್ಷದ ದಿನ ಜೊತೆಯಲ್ಲಿ ಕೆಲಸ ಮಾಡುವ ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದೀಯಂತೆ. ಸ್ಲೋ ಕುಕ್ಕರಿನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಯಲ್ಲಿ, ಹಂದಿ ಮಾಂಸ, ಸವರ್‌ಕ್ರೌಟ್ (ಹುಳಿ ಬರಿಸಿದ ಎಲೆಕೋಸು) ಮಾಡುತ್ತೀಯಂತೆ. ತುಂಬ ಖುಷಿಯಾಯಿತು. ಮಡಿಕೇರಿಗೆ ವಾಪಸ್ ಬರುವ ಮುಂಚೆ ಹದಿನೆಂಟು ವರ್ಷ ನಾನೂ ಅದೇ ಊರಲ್ಲಿ ಈ ಅಡುಗೆ ಮಾಡಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿನ ಪೆನ್ಸಿಲ್ವೇನಿಯಾ ಡಚ್ ಮನೆಗಳಲ್ಲಿ ಜನವರಿ 1ರಂದು ಇದು ಆಗಲೇಬೇಕು. ಡಚ್ ಅಂದರೂ ಅವರ ಹಿರಿಯರು ಹಾಲೆಂಡಿನವರಲ್ಲ, ಜರ್ಮನ್ ಮಾತಾಡುತ್ತಿದ್ದವರು. ಕೋಳಿ ಹಿಂದಕ್ಕೆ ಕೆರೆಯುತ್ತೆ, ಹಂದಿ ಮೂತಿ ಊರಿ ಮುಂದಕ್ಕೆ ಹೋಗುತ್ತೆ, ಹಾಗಾಗಿ ವರ್ಷದ ಮೊದಲ ಊಟಕ್ಕೆ ಹಂದಿ ಅನ್ನುತ್ತಾರೆ. ನಿನ್ನ ಅತಿಥಿಗಳಲ್ಲಿ ಆ ಕಡೆಯವರಿದ್ದರೆ ಅವರಿಗೆ ಇದು ತವರಿನ ಊಟ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡು.

ಮೊದಲ ಸಲ ನಾನು ಮೂರು ತಪ್ಪು ಮಾಡಿದೆ. ಕೊಬ್ಬು ಬೇಡ ಅಂತ ಬೆನ್ನಿನ ಮಾಂಸ, ಅಂದರೆ ಲಾಯಿನ್ ತಂದೆ. ಅಭ್ಯಾಸಬಲದಿಂದ ಉಪ್ಪು ಹಾಕಿದೆ. ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದೆ. ಸಂಜೆ ಮಾಂಸ ನಾರುನಾರಾಗಿತ್ತು, ಕೋಸು ಬಾಯಿಗಿಡಲಾಗದಷ್ಟು ಉಪ್ಪು. ಕರೆದವರೆದುರು ಅವತ್ತು ನನಗೆ ತುಂಬ ಬೇಜಾರಾಯಿತು. ಪಕ್ಕದ ಮನೆಯ ಅಜ್ಜಿಯೊಬ್ಬರು ಮರುವಾರ ನನ್ನನ್ನು ಅವರ ಅಡುಗೆಮನೆಗೆ ಕರೆದು ಕಲಿಸಿದರು.

ಭುಜದ ಮಾಂಸ ತಾ. ಅಂಗಡಿಯಲ್ಲಿ ಶೋಲ್ಡರ್ ಇಲ್ಲವೇ ಬಾಸ್ಟನ್ ಬಟ್ ಅಂತ ಕೇಳು. ಅದರೊಳಗಿನ ಗಟ್ಟಿ ನಾರು ಗಂಟೆಗಟ್ಟಲೆ ಬೆಂದಾಗ ಕರಗಿ ಜಿಲೆಟಿನ್ ಆಗುತ್ತೆ. ಆ ಅಂಟು ಅಂಟು ರಸವೇ ಇದರ ರುಚಿ. ಲಾಯಿನ್‌ನಲ್ಲಿ ಕರಗುವುದಕ್ಕೆ ಅಂಥದ್ದು ಜಾಸ್ತಿ ಇಲ್ಲ, ಸುಮ್ನೆ ಒಣಗುತ್ತೆ. ಹಂದಿ ಮಾಂಸ 63 ಡಿಗ್ರಿ ಸೆಲ್ಸಿಯಸ್‌ಗೇ ತಿನ್ನಲು ಅಡ್ಡಿಯಿಲ್ಲ. ಆದರೆ ಭುಜ ಫೋರ್ಕಿಗೆ ಬಿಟ್ಟುಕೊಡುವುದು 90 ದಾಟಿದ ಮೇಲೆ. ಫ್ರೀಜರಿನಿಂದ ತೆಗೆದ ಗಡ್ಡೆಯನ್ನು ಹಾಗೇ ಹಾಕಬೇಡ. ಸ್ಲೋ ಕುಕ್ಕರ್ ಬಿಸಿಯಾಗುವುದೇ ನಿಧಾನ, ಮಾಂಸ ಉಗುರು ಬೆಚ್ಚಗೆ ತುಂಬ ಹೊತ್ತು ಕೂತರೆ ಕೆಡುತ್ತೆ. ಎರಡು ದಿನ ಮೊದಲೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸು.

ಸವರ್‌ಕ್ರೌಟ್‌ನಲ್ಲಿ ವಿನೆಗರ್ ಇಲ್ಲ, ಅದು ನಮ್ಮ ದೋಸೆಹಿಟ್ಟಿನ ಹಾಗೆ ತಾನಾಗಿ ಹುಳಿ ಬಂದದ್ದು. ಒಂದು ಕಿಲೋ ಎಲೆಕೋಸಿಗೆ ಇಪ್ಪತ್ತು, ಇಪ್ಪತ್ತೈದು ಗ್ರಾಂ ಉಪ್ಪು ಹಾಕಿ, ಅದರದೇ ನೀರಿನಲ್ಲಿ ಮುಳುಗಿಸಿ ವಾರಗಟ್ಟಲೆ ಇಟ್ಟಿರುತ್ತಾರೆ. ಉಪ್ಪೆಲ್ಲ ಅದರಲ್ಲೇ ಇದೆ. ನೀನು ಒಂದು ಚಿಟಿಕೆಯನ್ನೂ ಸೇರಿಸಬೇಡ. ಹಿಂಡಿ ರುಚಿ ನೋಡು, ತೀರಾ ಉಪ್ಪೆನಿಸಿದರೆ ಅರ್ಧವನ್ನು ಮಾತ್ರ ತೊಳೆ. ಪೂರ್ತಿ ತೊಳೆದರೆ ಹುಳಿಯೂ ಹೋಗುತ್ತೆ.

ಒಂದೂವರೆ ಕಿಲೋ ಮಾಂಸಕ್ಕೆ ಒಂದು ಕಿಲೋ ಕೋಸು ಸಾಕು. ಮಾಂಸವನ್ನು ಬಾಣಲೆಯಲ್ಲಿ ಎಲ್ಲ ಕಡೆ ಕೆಂಪಗೆ ಹುರಿ. ಇದನ್ನು ಬಿಡಬೇಡ, ಕುಕ್ಕರಿನೊಳಗೆ ಯಾವುದೂ ಕೆಂಪಗಾಗುವುದಿಲ್ಲ. ಕುಕ್ಕರಿನ ತಳಕ್ಕೆ ಈರುಳ್ಳಿ, ಅದರ ಮೇಲೆ ಮಾಂಸ, ಸುತ್ತ ಮುಕ್ಕಾಲು ಪಾಲು ಕೋಸು, ಒಂದು ಸೇಬು, ಒಂದು ಚಮಚ ಕ್ಯಾರವೇ ಬೀಜ. ನೋಡಲು ಜೀರಿಗೆಯಂತಿದ್ದರೂ ಅದರ ಘಮವೇ ಬೇರೆ. ಅರ್ಧ ಲೋಟ ನೀರು. ಸಣ್ಣ ಬಿಸಿಗೆ, ಅಂದರೆ ಲೋಗೆ ಇಟ್ಟು ಎಂಟರಿಂದ ಹತ್ತು ಗಂಟೆ. ಉಳಿದ ಕೋಸನ್ನು ಕೊನೆಯ ಅರ್ಧ ಗಂಟೆಗೆ ಹಾಕು, ಸ್ವಲ್ಪ ಗರಿಗರಿ ಉಳಿಯುತ್ತೆ. ಅಲ್ಲಿಯವರೆಗೆ ಮುಚ್ಚಳ ಮುಟ್ಟಬೇಡ. ಒಮ್ಮೆ ತೆಗೆದರೆ ಹೋದ ಬಿಸಿ ವಾಪಸ್ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಜೊತೆಗೆ ಬೇಯಿಸಿ ಹಿಸುಕಿದ ಆಲೂಗಡ್ಡೆ ಮಾಡು.

ಅಜ್ಜಿ ಕೊಟ್ಟ ಮೊದಲ ತುತ್ತಿಗೆ ನನಗೆ ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ ಪಂದಿ ಕರಿ ನೆನಪಾಗಿತ್ತು. ಕೊಬ್ಬಿಗೆ ಹುಳಿ ಬೇಕು ಅನ್ನುವುದು ಅವರಿಗೂ ಗೊತ್ತು, ನಮಗೂ ಗೊತ್ತು, ಅಲ್ವಾ? ಆದರೂ ಇದಕ್ಕೆ ಪಂದಿ ಕರಿಗೆ ಹಾಕುವ ನಮ್ಮ ಕಪ್ಪು ಹುಳಿರಸ, ಕಾಚಂಪುಳಿ ಹಾಕಬೇಡ. ಅವರ ಅಡುಗೆ ಅವರ ಹಾಗೇ ಇರಲಿ. ಕಾಚಂಪುಳಿಯ ಬಾಟಲಿಯನ್ನು ನಿನ್ನ ಮಾವನ ಕೈಲಿ ಕಳಿಸುತ್ತಿದ್ದೇನೆ. ಫೆಬ್ರವರಿಯಲ್ಲಿ ಒಂದು ಭಾನುವಾರ ಅದೇ ಜನರನ್ನು ಮತ್ತೆ ಕರೆದು ಪಂದಿ ಕರಿ, ಅಕ್ಕಿ ರೊಟ್ಟಿ ಬಡಿಸು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗಿಡು. ಮಾರನೇ ದಿನ ಒಲೆಯ ಮೇಲೆ ಬಿಸಿ ಮಾಡು, ಕುಕ್ಕರಿನಲ್ಲಲ್ಲ. ಒಂದನೇ ತಾರೀಖು ರಾತ್ರಿ ಅವರೆಲ್ಲ ಹೋದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ದೊಡ್ಡಮ್ಮ