ಆ ಎಂಟು ಜನ ಯಾರು? ಶಿವಮೊಗ್ಗ ಸಂಸದರಿಗೆ ಭದ್ರಾವತಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಭದ್ರಾವತಿಯವನು. ಇಲ್ಲಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವನು. ಕಾರ್ಖಾನೆ ಉಳಿಸಿಕೊಡಿ ಅಂತ ನಮ್ಮೂರಿನವರು ನಿಮಗೆ ಕೊಟ್ಟ ಮನವಿಗಳಿಗೆ ಲೆಕ್ಕವಿಲ್ಲ. ನನ್ನ ಬೇಡಿಕೆಯೂ ಅದೇ. ಆದರೆ ಇವತ್ತು ಬರೆಯುತ್ತಿರುವುದು ಅದರ ಹಳೇ ಫೋಟೋಗಳ ಬಗ್ಗೆ.

ನಮ್ಮ ಮನೆಯಲ್ಲಿ ಒಂದು ಫೋಟೋ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚೆಲ್ಲ ಹಳದಿ. ಹಿಂದೆ ಆಳೆತ್ತರದ ದಿಮ್ಮಿಗಳ ರಾಶಿ, ಪಕ್ಕದಲ್ಲಿ ಗರಗಸದ ಚಕ್ರ. ಮುಂದೆ ಮರದ ಹೊಟ್ಟಿನ ಮೇಲೆ ಒಂಬತ್ತು ಜನ ಬರಿಗಾಲಲ್ಲಿ ನಿಂತಿದ್ದಾರೆ. ಎಡಗಡೆಯಿಂದ ಮೂರನೆಯವರು ನಮ್ಮ ತಾತ. ತಲೆಗೆ ಟವೆಲ್ ಸುತ್ತಿದ್ದಾರೆ, ಬಲಗೈ ಹೆಬ್ಬೆರಳಿಗೆ ಬಟ್ಟೆ ಕಟ್ಟಿದೆ. ಉಳಿದ ಎಂಟು ಜನ ಯಾರು ಅಂತ ಅಪ್ಪನಿಗೆ ಗೊತ್ತಿತ್ತು. ಒಬ್ಬೊಬ್ಬರನ್ನೂ ತೋರಿಸಿ ಹೆಸರು ಹೇಳುತ್ತಿದ್ದರು. ನಾನು ಬರೆದಿಟ್ಟುಕೊಳ್ಳಲಿಲ್ಲ. ಈಗ ಅಪ್ಪ ಇಲ್ಲ.

ಕಬ್ಬಿಣದ ಕಾರ್ಖಾನೆಯಲ್ಲಿ ಮರಕ್ಕೇನು ಕೆಲಸ ಅಂತ ನನ್ನ ಮಗಳೇ ಕೇಳಿದಳು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ, ಅದಕ್ಕೆ. ಮಲೆನಾಡಿನ ಕಾಡಿತ್ತು, ಭದ್ರೆಯ ನೀರಿತ್ತು, ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಆಗ ಬೆಂಕಿಪುರ ಅಂತಿದ್ದ ನಮ್ಮೂರಲ್ಲಿ 1918ರಲ್ಲಿ ಕೆಲಸ ಶುರುವಾಗಿ, 1923ರಲ್ಲಿ ಅದಿರು ಕರಗಿಸುವ ಊದುಕುಲುಮೆ ಹೊತ್ತಿತು. ಅದಕ್ಕೆ ಸುರಿದದ್ದು ಇದ್ದಿಲು. ಕಾಡಿನಿಂದ ಬಂದ ಮರವನ್ನು ಗಾಳಿಯಾಡದ ಹಾಗೆ ಮುಚ್ಚಿ ಕಾಯಿಸುತ್ತಿದ್ದರು. ಹೊಗೆಯನ್ನೂ ಬಿಡದೆ ಟಾರು, ಮಿಥೈಲ್ ಆಲ್ಕೋಹಾಲ್ ತೆಗೆಯುತ್ತಿದ್ದರು. 1923ರಿಂದ 1929ರವರೆಗೆ ಅಧ್ಯಕ್ಷರಾಗಿ ಕಾರ್ಖಾನೆಯನ್ನು ದಡ ಸೇರಿಸಿದ ವಿಶ್ವೇಶ್ವರಯ್ಯನವರ ಫೋಟೋ ಊರಲ್ಲಿ ಎಲ್ಲೆಲ್ಲೂ ಇದೆ, ಇರಲೇಬೇಕು. ದಿಮ್ಮಿ ಹೊತ್ತವರ ಫೋಟೋ ಎಲ್ಲಿದೆ ಸ್ವಾಮಿ? ನಮ್ಮ ಕಾಡು ಎಷ್ಟು ಸುಟ್ಟಿತು ಅನ್ನೋದಕ್ಕೂ ಆ ರಾಶಿಗಳೇ ಸಾಕ್ಷಿ ಅಲ್ವಾ?

ಮೂರು ವರ್ಷದ ಹಿಂದೆ ಒಂದು ಗುಜರಿ ಅಂಗಡಿಯಲ್ಲಿ ಹಳೇ ಆಲ್ಬಮ್ ಸಿಕ್ಕಿತು. ತೂಕಕ್ಕೆ ಬಂದದ್ದು. ಅರ್ಧ ಕಟ್ಟಿದ ಚಿಮಣಿ, ಸುತ್ತ ಗಳ ಕಟ್ಟಿದ ಸಾರ್ವೆ, ತಲೆ ಮೇಲೆ ಬಾಂಡ್ಲಿ ಹೊತ್ತ ಹೆಂಗಸರು. ನೀರು ಕುಡಿದು ಪುಟಗಳು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಅದಕ್ಕೇ ದೆಹಲಿಯಲ್ಲಿ ಮಾತಾಡಬಲ್ಲ ನಿಮಗೆ ಬರೆಯುತ್ತಿದ್ದೇನೆ. ಉಕ್ಕು ಸಚಿವಾಲಯದಿಂದ ಒಂದು ಆದೇಶ ತರಿಸಿ. ಹಳೇ ಕಪಾಟುಗಳಲ್ಲಿರುವ ಫೋಟೋ, ನಕ್ಷೆ, ನೆಗೆಟಿವ್ ಯಾವುದೂ ರದ್ದಿಗೆ ಹೋಗಬಾರದು. ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ರಾಜ್ಯ ಪತ್ರಾಗಾರಕ್ಕೆ ಕೊಡಿಸಿ, ಇನ್ನೊಂದು ಊರಲ್ಲೇ ಇರಲಿ. ನಿವೃತ್ತ ಕಾರ್ಮಿಕರ ಮನೆಗಳಲ್ಲಿ ಇರುವುದನ್ನೂ ಕೇಳಿ ಪಡೆಯಿರಿ, ಸ್ಕ್ಯಾನ್ ಆದಮೇಲೆ ವಾಪಸ್ ಕೊಡಿ.

ಆದರೆ ಸುಮ್ನೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತುಂಬಿದರೆ ಸಾಲದು. ಎಂಬತ್ತು ದಾಟಿದ ಹಿರಿಯರು ಜನ್ನಾಪುರದಲ್ಲಿ, ಹುತ್ತಾ ಕಾಲೋನಿಯಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿ, ಫೋಟೋ ಕೈಗೆ ಕೊಟ್ಟು, ಯಾರು, ಯಾವ ಶಾಪು, ಯಾವ ಶಿಫ್ಟು ಅಂತ ಕೇಳಿ ಬರೆಸಬೇಕು. ಈ ಕೆಲಸ ಮೊದಲು ಆಗಲಿ. ಸ್ಕ್ಯಾನಿಂಗ್ ಮುಂದಿನ ವರ್ಷವೂ ಆಗುತ್ತದೆ.

ನೀವು ದಿನ ಗೊತ್ತು ಮಾಡಿ. ನಮ್ಮ ಮನೆಯ ಫೋಟೋ ತೆಗೆದುಕೊಂಡು ಮೊದಲು ನಾನೇ ಬರುತ್ತೇನೆ. ಆ ಎಂಟು ಜನರಲ್ಲಿ ಒಬ್ಬರನ್ನಾದರೂ ಯಾರಾದರೂ ಗುರುತು ಹಿಡಿದಾರು.

ಇಂತಿ,
ಭದ್ರಾವತಿಯ ಒಬ್ಬ ಕಾರ್ಮಿಕನ ಮೊಮ್ಮಗ